ಘಾಟಿ ಹತ್ತುವಾಗ ಕಟ್ಟಿಬಿಡುವ ಹಳೆ 1612: ಡೀಸೆಲ್ ಎಲ್ಲಿ ನಿಲ್ಲುತ್ತಿದೆ?

ಕೇಳಿದವರು, ಬಂಟ್ವಾಳ

ಅಣ್ಣಂದಿರೇ, ನಮ್ಮದು 1996ರ ಟಾಟಾ 1612 ಲಾರಿ. ಖಾಲಿ ಗಾಡಿ ಚೆನ್ನಾಗಿ ಓಡುತ್ತದೆ. ಹೆಂಚು ತುಂಬಿಕೊಂಡು ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಲು ಶುರು ಮಾಡಿದರೆ ಪಿಕಪ್ ಬಿದ್ದುಹೋಗುತ್ತದೆ, ಕೊನೆಗೆ ಬಂದ್. ಸ್ವಲ್ಪ ಹೊತ್ತು ಬಿಟ್ಟು ಸೆಲ್ಫ್ ಹೊಡೆದರೆ ಮತ್ತೆ ಹೊರಡುತ್ತದೆ. ಎರಡೂ ಡೀಸೆಲ್ ಫಿಲ್ಟರ್ ಹೊಸದು ಹಾಕಿ ಆಯ್ತು. ಈಗ ಗ್ಯಾರೇಜಿನವರು ಎಫ್‌ಐಪಿ, ಅಂದರೆ ನಾಝಲ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ದೊಡ್ಡ ಪಂಪ್ ಇಳಿಸಿ ಕ್ಯಾಲಿಬ್ರೇಷನ್ ಮಾಡಿಸಬೇಕು ಅನ್ನುತ್ತಿದ್ದಾರೆ. ಖರ್ಚು ಜಾಸ್ತಿ. ಇಂಥದ್ದು ಅನುಭವಿಸಿದವರು ದಯವಿಟ್ಟು ಹೇಳಿ.

ಹಾಸನದಿಂದ, ಗಾಡಿ ಮಾಲೀಕ

ಪಂಪಿಗೆ ಈಗಲೇ ಕೈ ಹಾಕಿಸಬೇಡಿ ಅಣ್ಣ. ಸವೆದ ಪಂಪಿನ ಲಕ್ಷಣವೇ ಬೇರೆ. ಬಿಸಿ ಗಾಡಿ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಐಡ್ಲಿಂಗ್ ಏರುಪೇರಾಗುತ್ತದೆ. ನಿಮ್ಮದು ಸ್ವಲ್ಪ ಹೊತ್ತಿಗೇ ಸುಧಾರಿಸಿಕೊಳ್ಳುತ್ತದೆ. ಅಂದರೆ ಡೀಸೆಲ್ ಬರುವ ದಾರಿಯಲ್ಲೇ ಏನೋ ಅಡ್ಡ ಇದೆ.

ಖಾಲಿ ಗಾಡಿಯಲ್ಲಿ ಯಾಕೆ ಗೊತ್ತಾಗುವುದಿಲ್ಲ? ಟ್ಯಾಂಕಿನಿಂದ ಡೀಸೆಲ್ ಎಳೆದು ದೊಡ್ಡ ಪಂಪಿಗೆ ಕೊಡುವ ಚಿಕ್ಕ ಫೀಡ್ ಪಂಪ್ ಯಾವಾಗಲೂ ಇಂಜಿನ್ ಸುಡುವುದಕ್ಕಿಂತ ಜಾಸ್ತಿ ಡೀಸೆಲ್ ತಳ್ಳುತ್ತದೆ. ಮಿಕ್ಕಿದ್ದು ಓವರ್‌ಫ್ಲೋ ವಾಲ್ವ್ ಮೂಲಕ ಟ್ಯಾಂಕಿಗೆ ವಾಪಸ್. ದಾರಿ ಅರ್ಧ ಕಟ್ಟಿದ್ದರೂ ಸಮತಟ್ಟು ರಸ್ತೆಯಲ್ಲಿ ಸಾಕಾಗುತ್ತದೆ. ಲೋಡ್ ಹಾಕಿ ಸೆಕೆಂಡ್ ಗೇರಿನಲ್ಲಿ ಫುಲ್ ಆಕ್ಸಿಲೇಟರ್ ಒತ್ತಿದಾಗ ಬಣ್ಣ ಬಯಲಾಗುತ್ತದೆ.

ಕ್ಯಾನ್ ಹಾಕಿ ನೋಡಿ. ಒಂದು ಕ್ಯಾನಿಗೆ ಒಳ್ಳೆ ಡೀಸೆಲ್ ತುಂಬಿ ಪಂಪಿಗಿಂತ ಎತ್ತರದಲ್ಲಿ ಗಟ್ಟಿಯಾಗಿ ಕಟ್ಟಿ. ಸೈಲೆನ್ಸರ್ ಪಕ್ಕ ಬೇಡ, ಕ್ಯಾಬಿನ್ ಒಳಗಂತೂ ಬೇಡವೇ ಬೇಡ. ಟ್ಯಾಂಕಿನಿಂದ ಫೀಡ್ ಪಂಪಿಗೆ ಬರುವ ಪೈಪ್ ತೆಗೆದು ಅಲ್ಲಿಗೆ ಕ್ಯಾನಿನ ಪೈಪ್ ಹಾಕಿ, ಒಳಗೆ ಸಿಕ್ಕಿಕೊಂಡ ಏರ್ ತೆಗೆದು, ಲೋಡ್ ಸಮೇತ ಏರು ಹತ್ತಿಸಿ. ನಿಲ್ಲದೆ ಹತ್ತಿತು ಅಂದರೆ ಫೀಡ್ ಪಂಪ್, ಫಿಲ್ಟರ್, ಎಫ್‌ಐಪಿ ಎಲ್ಲಾ ಪಾಸ್. ತೊಂದರೆ ಟ್ಯಾಂಕಿನ ಕಡೆಯದ್ದೇ.

ನಮ್ಮ ಗಾಡಿಯಲ್ಲಿ ಹಾಗೇ ಆಯ್ತು. ಟ್ಯಾಂಕಿನ ಹೀರುವ ಪೈಪ್ ಬಿಚ್ಚಿ, ಬ್ಯಾಟರಿ ಹಾಕಿ ನೋಡಿದರೆ ತಳದಲ್ಲಿ ಹೆಬ್ಬೆರಳಗಲದ ಒಂದು ಪ್ಲಾಸ್ಟಿಕ್ ಚೂರು. ಯಾವುದೋ ಆಯಿಲ್ ಪೌಚಿನ ಮೂಲೆ. ಎಳನೀರು ಕುಡಿಯುವಾಗ ಸ್ಟ್ರಾ ಬಾಯಿಗೆ ಗಂಜಿ ಅಂಟುತ್ತದಲ್ಲ, ಅದೇ ಕಥೆ. ಇಂಜಿನ್ ಎಳೆದಷ್ಟೂ ಅದು ಪೈಪಿನ ಬಾಯಿಗೆ ಕಚ್ಚಿಕೊಳ್ಳುತ್ತಿತ್ತು. ಇಂಜಿನ್ ನಿಂತರೆ ಕಳಚಿ ಕೆಳಗೆ ಬೀಳುತ್ತಿತ್ತು. ಅದಕ್ಕೂ ಮುಂಚೆ ಒಂದು ಕಡೆ ಕಂಪ್ರೆಸರ್‌ನಲ್ಲಿ ಪೈಪ್ ಊದಿಸಿದ್ದೆವು. ಚೂರು ಟ್ಯಾಂಕಿನೊಳಗೇ ಉಳಿಯಿತು, ಹಾಗಾಗಿ ನಾಲ್ಕು ದಿನ ಸರಿ, ಮತ್ತೆ ಶುರು. ಟ್ಯಾಂಕಿನ ಬಾಯಲ್ಲಿ ಜಾಲರಿ ಇರಲಿಲ್ಲ. ಡೀಸೆಲ್ ಬೇಗ ತುಂಬಲಿ ಅಂತ ಹಿಂದೆ ಯಾರೋ ಕಿತ್ತು ಬಿಸಾಕಿದ್ದರು. ನಿಮ್ಮದರಲ್ಲಿ ಜಾಲರಿ ಇದೆಯಾ ನೋಡಿ.

ಹುಬ್ಬಳ್ಳಿಯಿಂದ, ಡೀಸೆಲ್ ಮೆಕ್ಯಾನಿಕ್

ಹಾಸನದ ಅಣ್ಣಾವ್ರು ಹೇಳಿದ್ದು ಸರಿ. ಆದರೆ ಕ್ಯಾನ್ ಕಟ್ಟುವ ಮೊದಲು ಪುಕ್ಕಟೆ ಕೆಲಸ ಒಂದಿದೆ. ಗಾಡಿ ಬಂದ್ ಆದ ತಕ್ಷಣ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸುಯ್ ಅಂತ ಗಾಳಿ ಒಳಗೆ ಎಳೆದರೆ ಮುಚ್ಚಳದ ಗಾಳಿ ತೂತು ಮುಚ್ಚಿದೆ ಅಂತ ಅರ್ಥ. ಕಳ್ಳರ ಕಾಟಕ್ಕೆ ಹೊಸ ಲಾಕ್ ಮುಚ್ಚಳ ಹಾಕಿಸಿದವರು ಇದನ್ನು ಮೊದಲು ನೋಡಬೇಕು.

ಎರಡನೇದು, ಫಿಲ್ಟರ್ ಎರಡೂ ಬದಲಿಸಿದೆ ಅಂದಿರಿ. ಫೀಡ್ ಪಂಪಿನ ಬುಡದಲ್ಲಿ ಚಿಕ್ಕ ಬಟ್ಟಲೊಳಗೆ ಇನ್ನೊಂದು ಜಾಲರಿ ಇರುತ್ತದೆ. ಅದನ್ನು ಬಿಚ್ಚಿದಿರಾ? ಬಹಳ ಜನ ಅದನ್ನು ಮರೆಯುತ್ತಾರೆ. ಮಳೆಗಾಲದಲ್ಲಿ ಅದರಲ್ಲಿ ನೀರು, ಕಪ್ಪು ಲೋಳೆ ಎರಡೂ ಸಿಗುತ್ತವೆ.

ಮೂರನೇದು ಏರ್. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಎಳೆತ ಇರುತ್ತದೆ, ಒತ್ತಡ ಇರುವುದಿಲ್ಲ. ಅಲ್ಲಿ ಪೈಪ್ ಬಿರುಕು ಬಿಟ್ಟರೆ ಡೀಸೆಲ್ ಸೋರದೆಯೂ ಇರಬಹುದು, ಗಾಳಿ ಮಾತ್ರ ಒಳಗೆ ಹೋಗುತ್ತದೆ. ಸುಮ್ನೆ ಕಣ್ಣಲ್ಲಿ ನೋಡಿ ಲೀಕ್ ಇಲ್ಲ ಅನ್ನಬೇಡಿ. ಒಂದು ಗೇಣು ಪಾರದರ್ಶಕ ಪೈಪ್ ನಡುವೆ ಹಾಕಿ ರೇಸ್ ಮಾಡಿ. ಗುಳ್ಳೆ ಓಡಿದರೆ ಪೈಪು, ಕ್ಲಿಪ್ಪು, ಪೈಪ್ ಜೋಡಿಸುವ ಟೊಳ್ಳು ಬೋಲ್ಟಿನ (ಬ್ಯಾಂಜೋ ಬೋಲ್ಟ್) ತಾಮ್ರದ ವಾಷರ್ ಎಲ್ಲಾ ನೋಡಿ. ಹೊಸ ವಾಷರ್ ಸಿಗದ ಜಾಗದಲ್ಲಿ ಹಳೆಯದನ್ನೇ ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ತಾಮ್ರ ಮೆತ್ತಗಾಗಿ ಮತ್ತೆ ಸರಿಯಾಗಿ ಕೂರುತ್ತದೆ.

ಫೀಡ್ ಪಂಪಿನ ಮೇಲಿನ ಕೈ ಪಂಪೇ ಅರ್ಧ ವಿಷಯ ಹೇಳುತ್ತದೆ. ಮೇಲೆ ಎಳೆದಾಗ ಬಿಗಿಯಾಗಿದ್ದು, ಬಿಟ್ಟರೆ ತಾನೇ ಕೆಳಗೆ ಹೋದರೆ ಟ್ಯಾಂಕಿನ ಕಡೆ ಕಟ್ಟಿದೆ. ಎಷ್ಟು ಹೊಡೆದರೂ ಸಡಿಲವೇ ಇದ್ದರೆ ಏರ್ ಇದೆ, ಇಲ್ಲ ಫೀಡ್ ಪಂಪಿನ ವಾಲ್ವ್ ಕೂರುತ್ತಿಲ್ಲ. ಕೆಲಸ ಆದ ಮೇಲೆ ಗುಬುಟು ತಿರುಗಿಸಿ ಬಿಗಿ ಮಾಡಿ, ಇಲ್ಲದಿದ್ದರೆ ಅಲ್ಲಿಂದಲೇ ಏರ್ ಎಳೆಯುತ್ತದೆ.

ಯಲ್ಲಾಪುರದಿಂದ, ಡ್ರೈವರ್

ಇಂಜಿನ್ ಬಂದ್ ಮಾಡುವ ಸ್ಟಾಪ್ ಕೇಬಲ್ ನೋಡಿ ಗುರುಗಳೇ. ಅರಬೈಲ್ ಘಾಟಿಯಲ್ಲಿ ನಮ್ಮ ಗಾಡಿ ಹೀಗೇ ಮುಕ್ಕರಿಯುತ್ತಿತ್ತು. ಕೇಬಲ್ ತುಕ್ಕು ಹಿಡಿದು, ಪಂಪಿನ ಸ್ಟಾಪ್ ಲಿವರ್ ಪೂರ್ತಿ ವಾಪಸ್ ಬರುತ್ತಿರಲಿಲ್ಲ. ಹಾಗೇ ಒಬ್ಬರು ಪೆಡಲ್ ಒತ್ತಿ, ಇನ್ನೊಬ್ಬರು ಪಂಪಿನ ಆಕ್ಸಿಲೇಟರ್ ಲಿವರ್ ಕೊನೆ ತನಕ ಹೋಗುತ್ತದಾ ಅಂತ ನೋಡಿ.

ಬಂಟ್ವಾಳ

ಎಲ್ಲರಿಗೂ ಥ್ಯಾಂಕ್ಸ್. ಮುಚ್ಚಳ ಸರಿ ಇದೆ, ಸ್ಟಾಪ್ ಲಿವರ್ ಕೂಡ ಸರಿ. ಫೀಡ್ ಪಂಪಿನ ಜಾಲರಿ ಅರ್ಧ ಕಟ್ಟಿತ್ತು, ತೊಳೆದೆ. ಮುಂದಿನ ಲೋಡಿಗೆ ಕ್ಯಾನ್ ಹಾಕಿ ನೋಡುತ್ತೇನೆ. ಏರ್ ತೆಗೆಯುವಾಗ ಮೊದಲು ಯಾವ ಸ್ಕ್ರೂ ಬಿಡಬೇಕು?

ಹುಬ್ಬಳ್ಳಿ

ಟ್ಯಾಂಕಿಗೆ ಹತ್ತಿರದ್ದು ಮೊದಲು. ಒಂದನೇ ಫಿಲ್ಟರ್, ಎರಡನೇ ಫಿಲ್ಟರ್, ಆಮೇಲೆ ಪಂಪಿನ ಮೈಮೇಲಿನ ಸ್ಕ್ರೂ. ಒಂದೊಂದರಲ್ಲೂ ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಕೈ ಪಂಪ್ ಹೊಡೆದು, ಹೊಡೆಯುತ್ತಿರುವಾಗಲೇ ಬಿಗಿ ಮಾಡಿ. ಇಷ್ಟಾದ ಮೇಲೂ ಸ್ಟಾರ್ಟ್ ಆಗದಿದ್ದರೆ ನಾಝಲಿಗೆ ಬರುವ ಪೈಪಿನ ನಟ್ ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ. ಕೈ, ಮುಖ ದೂರ ಇರಲಿ. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗಾದರೆ ಗಾಯ ಚಿಕ್ಕದು ಅಂತ ಬಿಡದೆ ಸೀದಾ ದೊಡ್ಡಾಸ್ಪತ್ರೆಗೆ ಹೋಗಬೇಕು.

ಕ್ಯಾನಿನಲ್ಲೂ ಗಾಡಿ ನಿಂತರೆ ಫೀಡ್ ಪಂಪಿನ ವಾಲ್ವ್, ಸ್ಪ್ರಿಂಗ್ ನೋಡಿಸಿ. ಪಂಪಿನ ಓವರ್‌ಫ್ಲೋ ವಾಲ್ವನ್ನೂ ಬಿಚ್ಚಿಸಿ. ಅದರ ಸ್ಪ್ರಿಂಗ್ ಮುರಿದಿದ್ದರೆ, ಅಥವಾ ಯಾರಾದರೂ ಅಲ್ಲಿ ಮಾಮೂಲಿ ಬ್ಯಾಂಜೋ ಬೋಲ್ಟ್ ಹಾಕಿ ಕೈ ತೊಳೆದುಕೊಂಡಿದ್ದರೆ, ಡೀಸೆಲ್ ಎಲ್ಲಾ ವಾಪಸ್ ಹೋಗಿ ಪಂಪಿನಲ್ಲಿ ಒತ್ತಡವೇ ನಿಲ್ಲುವುದಿಲ್ಲ. ಅದೂ ಸರಿ ಇದ್ದರೆ ಆಗ ಪಂಪ್ ಇಳಿಸಿ.