ವೃತ್ತ ಕತ್ತರಿಸಿದರೆ ಎಡ ಬಲ ಚಪ್ಪಟೆ, ಎಕ್ಸ್ ಅಳತೆಯೂ ಕಡಿಮೆ

ಪ್ರಶ್ನೆ
ಲೀಡ್ ಸ್ಕ್ರೂ (ತಿರುಗಿ ಯಂತ್ರವನ್ನು ಜರುಗಿಸುವ ಉದ್ದ ಸ್ಕ್ರೂ) ಇರುವ ಸಣ್ಣ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಕತ್ತರಿಸುವ ಯಂತ್ರ), ಅದನ್ನು ನಡೆಸುವುದು ಜಿಆರ್‌ಬಿಎಲ್ ಕಂಟ್ರೋಲರ್. ಎಂಡಿಎಫ್ ಹಲಗೆಯಲ್ಲಿ 50 ಮಿ.ಮೀ. ತೂತು ಕತ್ತರಿಸಿದರೆ ವೈ (ಹಿಂದೆ ಮುಂದೆ) ಕಡೆ ಸರಿಯಾಗಿ 50 ಬರುತ್ತದೆ, ಎಕ್ಸ್ (ಎಡ ಬಲ) ಕಡೆ 49.8. ಎಡ ಬಲ ಅಂಚಿನಲ್ಲಿ ಬೆರಳಾಡಿಸಿದರೆ ಚಪ್ಪಟೆ ಜಾಗ ಸಿಗುತ್ತದೆ. ಇದರಲ್ಲಿ ಬೇರಿಂಗ್ ಕೂರಬೇಕು. ಕಂಟ್ರೋಲರ್‌ನ $100 ಅನ್ನುವ ಸೆಟ್ಟಿಂಗ್ ಸ್ವಲ್ಪ ಜಾಸ್ತಿ ಮಾಡಿದರೆ ಸರಿಹೋಗುತ್ತಾ?

ಉತ್ತರ
ದಯವಿಟ್ಟು $100 ಈಗಲೇ ಮುಟ್ಟಬೇಡಿ. ಅದು ಎಕ್ಸ್ ಒಂದು ಮಿ.ಮೀ. ಜರುಗಲು ಮೋಟರ್ ಎಷ್ಟು ಸ್ಟೆಪ್ ತಿರುಗಬೇಕು ಅನ್ನುವ ಲೆಕ್ಕ. ಅದು ತಪ್ಪಿದ್ದರೆ ವೃತ್ತ ಅಂಡಾಕಾರ ಆಗುತ್ತದೆ, ಆದರೆ ಅಂಚಿನಲ್ಲಿ ಚಪ್ಪಟೆ ಬರುವುದಿಲ್ಲ. ನಿಮ್ಮದು ಬ್ಯಾಕ್‌ಲ್ಯಾಶ್, ಅಂದರೆ ದಿಕ್ಕು ಬದಲಿಸುವಾಗ ಕಾಣುವ ಸಡಿಲ, ಅನಿಸುತ್ತದೆ.

ಎಡ ಬಲ ತುದಿಗಳಲ್ಲೇ ಎಕ್ಸ್ ದಿಕ್ಕು ಬದಲಿಸುವುದು ಅಲ್ವಾ? ಎಲ್ಲೋ ಸಡಿಲ ಇದ್ದರೆ ಮೋಟರ್ ತಿರುಗಿದರೂ ಸ್ವಲ್ಪ ಹೊತ್ತು ಎಕ್ಸ್ ನಿಂತೇ ಇರುತ್ತದೆ, ವೈ ಮಾತ್ರ ಓಡುತ್ತದೆ. ಅಲ್ಲಿ ಗೆರೆ ನೇರವಾಗುತ್ತದೆ. ತುದಿಯ ಹತ್ತಿರ ಎಕ್ಸ್ ಚಲನೆ ತೀರಾ ಕಡಿಮೆ. ಹಾಗಾಗಿ ಬರೀ 0.2 ಸಡಿಲಕ್ಕೂ ಈ ಅಳತೆಯ ವೃತ್ತದಲ್ಲಿ ಚಪ್ಪಟೆ ಸುಮಾರು 3 ಮಿ.ಮೀ. ಉದ್ದ ಆಗುತ್ತದೆ.

ಖಚಿತ ಮಾಡಿಕೊಳ್ಳಲು 100 ಮಿ.ಮೀ. ವೃತ್ತ ಕತ್ತರಿಸಿ. ಆಗಲೂ 0.2 ಮಾತ್ರ ಕಡಿಮೆ ಬಂದರೆ ಬ್ಯಾಕ್‌ಲ್ಯಾಶ್. 0.4 ಆದರೆ ಸ್ಟೆಪ್ ಲೆಕ್ಕ ನೋಡಬೇಕು. ಡಯಲ್ ಗೇಜ್ (ಸಣ್ಣ ಚಲನೆಯನ್ನೂ ಮುಳ್ಳಿನಿಂದ ತೋರಿಸುವ ಮಾಪಕ) ಇದ್ದರೆ ಇನ್ನೂ ಒಳ್ಳೆಯದು. ಎಕ್ಸ್ ಅನ್ನು ಒಂದು ಕಡೆ ಒಯ್ದು, ಆಮೇಲೆ 0.02ರಂತೆ ವಾಪಸ್ ತನ್ನಿ. ಮುಳ್ಳು ಅಲುಗಾಡುವ ತನಕ ಎಷ್ಟು ಹೋಯಿತೋ ಅಷ್ಟೇ ಸಡಿಲ.

ಮೊದಲು ಮೋಟರನ್ನು ಲೀಡ್ ಸ್ಕ್ರೂಗೆ ಜೋಡಿಸುವ ಕಪ್ಲಿಂಗ್‌ನ ಗ್ರಬ್ ಸ್ಕ್ರೂ (ತಲೆಯಿಲ್ಲದ ಸಣ್ಣ ಸ್ಕ್ರೂ), ಆಮೇಲೆ ಲೀಡ್ ಸ್ಕ್ರೂ ತುದಿಯ ಬೇರಿಂಗ್, ಕೊನೆಗೆ ಅದರ ಮೇಲೆ ಓಡುವ ನಟ್ ನೋಡಿ. ಜಿಆರ್‌ಬಿಎಲ್‌ನಲ್ಲಿ ಬ್ಯಾಕ್‌ಲ್ಯಾಶ್ ಸರಿದೂಗಿಸುವ ಸೆಟ್ಟಿಂಗ್ ಇಲ್ಲ. ಇದ್ದಿದ್ದರೂ ನಾನು ಮೊದಲು ಸ್ಪ್ಯಾನರ್ರೇ ಹಿಡಿಯಿರಿ ಅನ್ನುತ್ತಿದ್ದೆ. ಸಡಿಲ ಇರುವ ತನಕ ಕಟ್ಟರ್ ಎಳೆದ ಕಡೆ ಮೇಜು ಜರುಗುತ್ತದೆ.

ಪ್ರಶ್ನೆ ಕೇಳಿದವರು
100ರ ವೃತ್ತ 99.8 ಬಂತು. ಗ್ರಬ್ ಸ್ಕ್ರೂ ಗಟ್ಟಿಯಾಗೇ ಇತ್ತು. ಆದರೆ ಲೀಡ್ ಸ್ಕ್ರೂವನ್ನು ಕೈಯಲ್ಲಿ ತಳ್ಳಿದರೆ ಬೇರಿಂಗ್ ಹತ್ತಿರ ಹಿಂದೆ ಮುಂದೆ ಆಡುತ್ತಿತ್ತು! ಸ್ಕ್ರೂವನ್ನು ಬೇರಿಂಗ್ ಹತ್ತಿರ ಆಡದಂತೆ ಹಿಡಿಯುವ ಕಾಲರ್ ಬಿಗಿ ಮಾಡಿದೆ. ಈಗ 50ಕ್ಕೆ 49.97. ಚಪ್ಪಟೆ ಕೈಗೆ ಸಿಗುತ್ತಿಲ್ಲ. ತುಂಬಾ ಥ್ಯಾಂಕ್ಸ್ ಸರ್.

ಉತ್ತರ
ಬಹಳ ಖುಷಿಯಾಯಿತು. 45 ಡಿಗ್ರಿಯಲ್ಲಿ ಎರಡೂ ಓರೆ ವ್ಯಾಸ ಒಮ್ಮೆ ಅಳೆಯಿರಿ. ಅವೆರಡರಲ್ಲಿ ವ್ಯತ್ಯಾಸ ಇದ್ದರೆ ಎಕ್ಸ್, ವೈ ಒಂದಕ್ಕೊಂದು ಲಂಬವಾಗಿಲ್ಲ ಅಂತ. ಬೇರಿಂಗ್‌ಗೆ ಕತ್ತರಿಸುವಾಗ ಗೋಡೆಗೆ 0.2 ಬಿಟ್ಟು, ಕೊನೆಯ ಪಾಸ್‌ನಲ್ಲಿ ಅಷ್ಟನ್ನೇ ತೆಗೆಯಿರಿ.