ಸಹಾಯ ಬೇಕು: ಐಬಿ ಡಿಪ್ಲೊಮಾದಲ್ಲಿ ಯಾವ ಗಣಿತ ತಗೊಳ್ಳೋದು?

ಎಲ್ಲರಿಗೂ ನಮಸ್ಕಾರ. ಮಗಳು ಐಬಿ ಡಿಪ್ಲೊಮಾ (ಪಿಯುಸಿ ಮಟ್ಟದ ಎರಡು ವರ್ಷದ ಅಂತರರಾಷ್ಟ್ರೀಯ ಕೋರ್ಸ್) ಸೇರುತ್ತಿದ್ದಾಳೆ, ವಿಷಯಗಳ ಫಾರಂ ಶುಕ್ರವಾರದೊಳಗೆ ಕೊಡಬೇಕು. ಗಣಿತದ ಸಾಲಿನಲ್ಲಿ ಪೆನ್ಸಿಲ್‌ನಿಂದ ಬರೆದು ಅಳಿಸಿ, ಮತ್ತೆ ಬರೆದು ಅಳಿಸಿ, ಕಾಗದವೇ ತೆಳ್ಳಗಾಗಿದೆ.

ಆರು ವಿಷಯ, ಅದರಲ್ಲಿ ಸಾಮಾನ್ಯವಾಗಿ ಮೂರು ಹೈಯರ್ ಲೆವೆಲ್, ಇಷ್ಟು ಗೊತ್ತು. ಹೈಯರ್‌ಗೆ 240 ಗಂಟೆ ಪಾಠ, ಸ್ಟ್ಯಾಂಡರ್ಡ್‌ಗೆ 150. ಅವಳಿಗೆ ಇಂಜಿನಿಯರಿಂಗ್ ಓದುವ ಆಸೆ. ಹಾಗಾಗಿ ಫಿಸಿಕ್ಸ್ ಹೈಯರ್ ಅಂತ ಆಗಲೇ ಬರೆದಾಗಿದೆ. ಆದರೆ ಗಣಿತದಲ್ಲಿ ಎರಡು ಕೋರ್ಸ್ ಇವೆಯಲ್ವಾ, ಅನಾಲಿಸಿಸ್ ಅಂಡ್ ಅಪ್ರೋಚಸ್ ಒಂದು, ಅಪ್ಲಿಕೇಶನ್ಸ್ ಅಂಡ್ ಇಂಟರ್‌ಪ್ರಿಟೇಶನ್ ಇನ್ನೊಂದು. ಮೊದಲನೆಯದರಲ್ಲಿ ಬೀಜಗಣಿತ, ಕ್ಯಾಲ್ಕುಲಸ್ ಜಾಸ್ತಿ, ಒಂದು ಪೇಪರನ್ನು ಕ್ಯಾಲ್ಕುಲೇಟರ್ ಇಲ್ಲದೇ ಬರೆಯಬೇಕು. ಎರಡನೆಯದರಲ್ಲಿ ಅಂಕಿಅಂಶ, ಮಾಡೆಲಿಂಗ್, ಎಲ್ಲ ಪೇಪರಿಗೂ ಕ್ಯಾಲ್ಕುಲೇಟರ್ ಉಂಟು. ಅವಳಿಗೆ ಎರಡನೆಯದೇ ಇಷ್ಟ. ಅದನ್ನು ಹೈಯರ್‌ನಲ್ಲೇ ತಗೊಂಡರೂ ಕೆಲವು ಇಂಜಿನಿಯರಿಂಗ್ ಕಾಲೇಜುಗಳು ಒಪ್ಪುವುದಿಲ್ಲ ಅನ್ನುವುದೇ ನನ್ನ ಭಯ.

ಇದರ ಜೊತೆಗೆ 4,000 ಪದಗಳವರೆಗಿನ ಎಕ್ಸ್‌ಟೆಂಡೆಡ್ ಎಸ್ಸೇ, ಥಿಯರಿ ಆಫ್ ನಾಲೆಡ್ಜ್ (ತಿಳಿವಳಿಕೆ ಅಂದರೇನು ಅಂತ ಚರ್ಚಿಸುವ ಪಾಠ), ಸಿಎಎಸ್ (ಸೃಜನಶೀಲ ಕೆಲಸ, ದೈಹಿಕ ಚಟುವಟಿಕೆ, ಸೇವೆ) ಬೇರೆ. ಎಸ್ಸೇ ಮತ್ತು ಥಿಯರಿ ಸೇರಿ 45ರಲ್ಲಿ 3 ಅಂಕ ಅಷ್ಟೇ, ಆದರೆ ಎರಡರಲ್ಲಿ ಯಾವುದಕ್ಕಾದರೂ ಎಲ್ಲಕ್ಕಿಂತ ಕೆಳಗಿನ ‘ಇ’ ಗ್ರೇಡ್ ಬಂದರೆ ಡಿಪ್ಲೊಮಾನೇ ಸಿಗುವುದಿಲ್ಲ. ಇಷ್ಟೆಲ್ಲ ಇರುವಾಗ ಸುಮ್ನೆ ಕಷ್ಟದ ಗಣಿತ ಹೇರಿ ಮಗುವನ್ನು ಸುಸ್ತು ಮಾಡಲು ಮನಸ್ಸಿಲ್ಲ.

ಈ ಎರಡರಲ್ಲಿ ಒಂದನ್ನು ಹೈಯರ್‌ನಲ್ಲಿ ಓದಿ ಇಂಜಿನಿಯರಿಂಗ್ ಸೇರಿದವರು, ಅಥವಾ ಅಂಥ ಮಕ್ಕಳ ಅಪ್ಪ ಅಮ್ಮ ಇದ್ದರೆ ದಯವಿಟ್ಟು ಹೇಳಿ. ಶುರುವಾದ ಮೇಲೆ ಕೋರ್ಸ್ ಬದಲಿಸಿದವರು ಇದ್ದರೆ ಎಷ್ಟು ವಾರದೊಳಗೆ ಬದಲಿಸಿದಿರಿ, ಬಿಟ್ಟುಹೋದ ಪಾಠ ಹೇಗೆ ಹಿಡಿದಿರಿ ಅನ್ನುವುದನ್ನೂ ತಿಳಿಸಿ.