ಕ್ರೂಸ್‌ನಲ್ಲಿ ಇಡೀ ದಿನ ಕಡಲ ಮೇಲೆ: ಅವ್ವನಿಗೆ ಬೇಜಾರಾಗುತ್ತಾ?

ಪ್ರಶ್ನೆ (ಕೊಪ್ಪಳ):
ಮುಂಬೈನಿಂದ ಲಕ್ಷದ್ವೀಪಕ್ಕೆ ಕ್ರೂಸ್ ಬುಕ್ ಮಾಡಿದ್ದೇನೆ. ನಡುವೆ ಒಂದು ದಿನ ಎಲ್ಲೂ ಇಳಿಯುವಂತಿಲ್ಲ. ಅವ್ವ ಮುನಿರಾಬಾದ್ ಡ್ಯಾಂ ಬಿಟ್ಟರೆ ದೊಡ್ಡ ನೀರು ಕಂಡವಳಲ್ಲ. ಅವಳು ಆರಾಮಾಗಿ ಇರಬೇಕು, ಅಷ್ಟೇ ನನ್ನಾಸೆ.

ಉತ್ತರ (ಬಳ್ಳಾರಿ):
ಅಕ್ಕಾರ, ಅದೇ ಎಲ್ಲಕ್ಕಿಂತ ಚೆಂದದ ದಿನ! ಹಡಗು ದಕ್ಷಿಣಕ್ಕೆ ಹೋಗುತ್ತದೆ ಅಲ್ವಾ, ಸೂರ್ಯ ಹುಟ್ಟೋದು ಎಡಬದಿಗೆ, ಮುಳುಗೋದು ಬಲಬದಿಗೆ. ನಸುಕಿನಲ್ಲೇ ಡೆಕ್‌ಗೆ ಕರ್ಕೊಂಡು ಹೋಗಿ. ಕುರ್ಚಿಗಳು ಖಾಲಿ ಇರುತ್ತವೆ, ಕಂಬಿ ಮುಟ್ಟಿದರೆ ಕೈಗೆ ಉಪ್ಪು ಅಂಟುತ್ತದೆ. ನಮ್ಮವ್ವ ಚಹಾ ಹಿಡಿದು ಸುಮ್ನೆ ಕೂತಿದ್ದಳು. ಹಾರುಮೀನು ಕಂಡಿದ್ದೇ ನನ್ನ ತೋಳು ಹಿಡಿದು ಎಳೆದಳು.

ಉತ್ತರ (ರಾಯಚೂರು):
ಕೆಳಗಿನ ಡೆಕ್‌ನ ನಡುಭಾಗದ ರೂಮ್ ಕೇಳಿ, ಅಲ್ಲಿ ಅಲುಗಾಟ ಕಡಿಮೆ. ವಾಂತಿ ಮಾತ್ರೆ ಡಾಕ್ಟರನ್ನು ಕೇಳಿ ಮೊದಲೇ ಇಟ್ಟುಕೊಳ್ಳಿ. ದಡ ದೂರವಾದರೆ ಮೊಬೈಲ್ ಸಿಗ್ನಲ್ ಇರಲ್ಲ, ಮನೆಯವರಿಗೆ ಹೇಳಿರಿ.

ಕೊಪ್ಪಳ:
ರೂಮಿಗೆ ಈಗಲೇ ಫೋನ್ ಮಾಡ್ತೇನೆ ರೀ.